ಆಟಿಸಂ: ಮಾತಿನಾಚೆ ಮೈಯನ್ನೂ ನೋಡಿ

ಆಟಿಸಂ ಇರುವ ಮಗುವಿಗೆ ಅಂಗವಿಕಲತೆಯ ಪ್ರಮಾಣಪತ್ರ ಮಾಡಿಸಲು ಹೋದರೆ ನಮ್ಮಲ್ಲಿ ಸಾಮಾನ್ಯವಾಗಿ ಬಳಸುವುದು ಐಎಸ್‌ಎಎ ಎಂಬ ಭಾರತೀಯ ಮಾಪಕ. ಅದರಲ್ಲಿ 40 ಅಂಶಗಳಿವೆ. ಜನರೊಂದಿಗೆ ಬೆರೆಯುವುದಕ್ಕೆ 9, ಮಾತು ಮತ್ತು ಸಂವಹನಕ್ಕೆ 9, ಇಂದ್ರಿಯಗಳಿಗೆ 6. ಮೈಯ ಚಲನೆಗೆ ಪ್ರತ್ಯೇಕ ವಿಭಾಗವೇ ಇಲ್ಲ. ಮಗು ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುತ್ತದೆಯೇ ಎಂಬ ಪ್ರಶ್ನೆ ‘ವರ್ತನೆ’ಯ ಕೆಳಗೆ ಬರುತ್ತದೆ. ಅಂಗಿಯ ಗುಂಡಿ ಹಾಕಲು, ಮೆಟ್ಟಿಲು ಇಳಿಯಲು, ಪೆನ್ಸಿಲ್ ಹಿಡಿಯಲು ಅದು ಎಷ್ಟು ಒದ್ದಾಡುತ್ತಿದೆ ಎಂದು ಅಳೆಯುವ ಗೋಜಿಗೆ ಯಾರೂ ಹೋಗುವುದಿಲ್ಲ.

ಇದು ನಮ್ಮ ದೇಶವೊಂದರ ಲೋಪವಲ್ಲ. ಆಟಿಸಂ ಅನ್ನು ಮೊದಲಿಗೆ ವಿವರಿಸಿದವರಲ್ಲೊಬ್ಬರಾದ ಮನೋವೈದ್ಯ ಲಿಯೊ ಕ್ಯಾನರ್ 1943ರಲ್ಲೇ ತಾವು ಕಂಡ ಮಕ್ಕಳು ಯಂತ್ರಗಳ ಸದ್ದಿಗೆ ಬೆದರುವುದನ್ನು ದಾಖಲಿಸಿದ್ದರು. ಮರುವರ್ಷ ಇನ್ನೊಬ್ಬ ವೈದ್ಯ ಹಾನ್ಸ್ ಆಸ್ಪರ್ಗರ್ ಮಕ್ಕಳ ನಡಿಗೆ, ಕೈಚಳಕದಲ್ಲಿನ ತೊಡಕನ್ನು ಗುರುತಿಸಿದರು. ಆದರೂ ಅಮೆರಿಕದ ಮನೋವೈದ್ಯರ ಕೈಪಿಡಿಯ ಆಟಿಸಂ ಲಕ್ಷಣಗಳ ಪಟ್ಟಿಗೆ ಇಂದ್ರಿಯಗಳ ವ್ಯತ್ಯಾಸ ಸೇರಿದ್ದು 2013ರ ಪರಿಷ್ಕರಣೆಯಲ್ಲಿ. ಚಲನೆಯ ತೊಂದರೆ ಇನ್ನೂ ಪಟ್ಟಿಯ ಹೊರಗೇ ಇದೆ. ಸ್ಪಾರ್ಕ್ ಎಂಬ ಅಮೆರಿಕದ ಬೃಹತ್ ಅಧ್ಯಯನದ ಮಾಹಿತಿಯನ್ನು ಆಧರಿಸಿ 2020ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಶೇ 86ಕ್ಕೂ ಹೆಚ್ಚು ಮಕ್ಕಳಲ್ಲಿ ಚಲನೆಯ ತೊಂದರೆ ಇರುವ ಸಂಭವ ಕಂಡಿತ್ತು. ಫಿಸಿಯೊಥೆರಪಿ ಸಿಗುತ್ತಿದ್ದದ್ದು ಮಾತ್ರ ಹೆಚ್ಚುಕಡಿಮೆ ಮೂರರಲ್ಲಿ ಒಂದು ಮಗುವಿಗೆ. ಅನುಕೂಲವಂತ ದೇಶದ ಕತೆಯೇ ಹೀಗೆ.

ಪಟ್ಟಿಯಲ್ಲಿ ಇಲ್ಲದ ತೊಂದರೆಗೆ ತರಗತಿಯಲ್ಲಿ ಬೇರೆ ಹೆಸರು ಬೀಳುತ್ತದೆ. ‘ಪುಸ್ತಕ ತೆಗಿ’ ಎನ್ನುತ್ತಾರೆ ಮೇಷ್ಟ್ರು. ಮಗುವಿಗೆ ಅರ್ಥವಾಗಿದೆ, ಬ್ಯಾಗಿನ ಕಡೆ ನೋಡುತ್ತಲೂ ಇದೆ. ಕೈ ಮಾತ್ರ ಏಳುವುದಿಲ್ಲ. ಎರಡನೇ ಸಲ ಹೇಳುವಾಗ ಮೇಷ್ಟ್ರ ದನಿ ಏರುತ್ತದೆ, ಮೂರನೇ ಸಲಕ್ಕೆ ಮಗು ಎದ್ದು ಬಾಗಿಲ ಕಡೆ ಓಡುತ್ತದೆ. ಮೊಣಕೈಯನ್ನು ಹಗುರವಾಗಿ ಮುಟ್ಟಿದ್ದರೆ, ಬ್ಯಾಗಿನ ಜಿಪ್ ಅರ್ಧ ಎಳೆದು ಕೊಟ್ಟಿದ್ದರೆ ಉಳಿದದ್ದನ್ನು ಅದೇ ಮಾಡುತ್ತಿತ್ತೇನೊ. ಮಾಡಬೇಕೆಂದು ಗೊತ್ತಿದ್ದೂ ಮೈ ಹೊರಡುವುದಿಲ್ಲ, ಹೊರಟರೆ ನಿಲ್ಲುವುದಿಲ್ಲ ಎಂದು ಆಟಿಸಂ ಇರುವ ಎಷ್ಟೋ ವಯಸ್ಕರು ಹೇಳಿಕೊಂಡಿದ್ದಾರೆ. ಶಾಲೆಯ ವರದಿಯಲ್ಲಿ ಮಾತ್ರ ‘ಹೇಳಿದ ಮಾತು ಕೇಳುವುದಿಲ್ಲ’ ಎಂದು ಬರುತ್ತದೆ.

ಇಂದ್ರಿಯಗಳದ್ದು ಇನ್ನೂ ಗೋಜಲು, ಏಕೆಂದರೆ ಅದು ಎರಡೂ ದಿಕ್ಕಿಗೆ ವಾಲುತ್ತದೆ. ಕುಕ್ಕರಿನ ಸೀಟಿಗೆ ಕಿವಿ ಮುಚ್ಚಿಕೊಳ್ಳುವ ಮಗುವೇ ಮಂಡಿ ತರಚಿ ರಕ್ತ ಬಂದರೂ ಗಮನಿಸದಿರಬಹುದು. ಕಾಲರಿನ ಒಳಗಿನ ಲೇಬಲ್ ಚುಚ್ಚುತ್ತದೆಂದು ಸಮವಸ್ತ್ರ ಕಿತ್ತೆಸೆಯುವ ಹುಡುಗಿಗೆ ಭಾರದ ರಗ್ಗು ಹೊದ್ದರೆ ಹಿತ. ಹೊರಗಿನವರಿಗೆ ಇದು ನಾಟಕವೆನಿಸುತ್ತದೆ: ‘ಅಲ್ಲಿ ಆಗತ್ತೆ, ಇಲ್ಲಿ ಯಾಕಾಗಲ್ಲ?’ ಅದರ ಹಿಂದೆಯೇ ಬರುವುದು ‘ತಾಯಿ ಸಲಿಗೆ ಕೊಟ್ಟು ಕೆಡಿಸಿದ್ದಾಳೆ’ ಎಂಬ ತೀರ್ಪು. ಮಗು ನಿದ್ದೆಯಲ್ಲಿದ್ದಾಗ ಕೂದಲು ಕತ್ತರಿಸುವವಳು ಅವಳು. ಗಟ್ಟಿಮೇಳದ ಹೊತ್ತಿಗೆ ಮಗುವನ್ನೆತ್ತಿಕೊಂಡು ಛತ್ರದ ಹೊರಗೆ, ಚಪ್ಪಲಿಗಳ ರಾಶಿಯ ಪಕ್ಕ ನಿಲ್ಲುವವಳೂ ಅವಳೇ. ಕ್ರಮೇಣ ಮದುವೆ, ಜಾತ್ರೆ, ಗಣೇಶನ ಪೆಂಡಾಲು ಎಲ್ಲವೂ ಬಿಟ್ಟುಹೋಗುತ್ತವೆ. ಅಣ್ಣನದೋ ಅಕ್ಕನದೋ ಹುಟ್ಟುಹಬ್ಬ ಸದ್ದಿಲ್ಲದೆ ಮುಗಿಯುತ್ತದೆ. ಅಪ್ಪ ಒಬ್ಬನೇ ಹೋಗಿ ಮುಯ್ಯಿ ಕೊಟ್ಟು ಬರುತ್ತಾನೆ.

ಈ ಒಂಟಿತನದ ಮೇಲೆ ವ್ಯಾಪಾರವೂ ಬೆಳೆದಿದೆ. ಅಮೆರಿಕದ ಜೀನ್ ಏರ್ಸ್ ಕಳೆದ ಶತಮಾನದಲ್ಲಿ ರೂಪಿಸಿದ ‘ಸೆನ್ಸರಿ ಇಂಟಿಗ್ರೇಷನ್’ ಎಂಬ ಇಂದ್ರಿಯಗಳ ಥೆರಪಿ ಇವತ್ತು ಥೆರಪಿ ಕೇಂದ್ರಗಳ ಬೋರ್ಡುಗಳಲ್ಲಿ ರಾರಾಜಿಸುತ್ತಿದೆ. ಇದರ ಫಲದ ಬಗ್ಗೆ ಪುರಾವೆ ಸೀಮಿತ, ಹೆತ್ತವರಿಗೆ ಅದನ್ನು ತಿಳಿಸಿಯೇ ಮುಂದುವರಿಯಬೇಕು ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘ 2012ರಲ್ಲೇ ಎಚ್ಚರಿಸಿತ್ತು. ಅದರಲ್ಲಿ ಬಳಸುವ ಉಯ್ಯಾಲೆ, ಬಣ್ಣದ ಚೆಂಡುಗಳು ಕೆಟ್ಟವೇನಲ್ಲ, ಎಷ್ಟೋ ಮಕ್ಕಳಿಗೆ ಅವು ಖುಷಿ. ಆದರೆ ಮೂರು ತಿಂಗಳಲ್ಲಿ ಮಗು ಯಾವ ದಿನನಿತ್ಯದ ಕೆಲಸವನ್ನು ಸಲೀಸಾಗಿ ಮಾಡಬೇಕು ಎಂಬುದನ್ನು ಮೊದಲೇ ಬರೆದುಕೊಡದ ಕೇಂದ್ರಕ್ಕೆ ಸಾಲ ಮಾಡಿ ದುಡ್ಡು ಸುರಿಯುವುದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಮಗುವನ್ನು ಸದ್ದಿಗೆ ಪಳಗಿಸುವ ಮುನ್ನ ಸದ್ದನ್ನು ತಗ್ಗಿಸಲು ಆಗುವುದಿಲ್ಲವೇ? ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಇಂಥವರಿಗೆಂದೇ ಒಂದು ಶಾಂತ ಕೊಠಡಿ ಇದೆ. ವಿಮಾನ ಹತ್ತುವ ಮಕ್ಕಳು ಎಷ್ಟು ಮಂದಿ, ಸರ್ಕಾರಿ ಶಾಲೆಯ ಗಂಟೆ ಕೇಳುವವರು ಎಷ್ಟು ಮಂದಿ? ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯು ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲವನ್ನು ಶಾಲೆಯೇ ಕಲ್ಪಿಸಬೇಕು ಎನ್ನುತ್ತದೆ. ಪರೀಕ್ಷೆಗೆ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವಿನ ಮಾತೂ ಅದರಲ್ಲಿದೆ. ಪರೀಕ್ಷೆಯ ಸೌಲಭ್ಯವಾದರೂ ಒಂದಷ್ಟು ಮಕ್ಕಳಿಗೆ ದಕ್ಕುತ್ತಿದೆ. ಅದಕ್ಕೆ ಮುಂಚಿನ ಹತ್ತು ವರ್ಷ ತರಗತಿಯಲ್ಲಿ ಕೂರುವ ಬಗೆ ಹೇಗೆಂದು ಯಾವ ಸುತ್ತೋಲೆಯೂ ತಲೆಕೆಡಿಸಿಕೊಳ್ಳುವುದಿಲ್ಲ.

ರಾಜ್ಯದ ಬ್ಲಾಕ್‌ಗಳಲ್ಲಿ ಸಮನ್ವಯ ಶಿಕ್ಷಣಕ್ಕೆಂದು ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರಿದ್ದಾರೆ, ಶಾಲೆಗೂ ಮನೆಗೂ ಓಡಾಡುವವರು ಅವರೇ. ಮಗು ಯಾವ ಸದ್ದಿಗೆ ಓಡುತ್ತದೆ, ಯಾವ ಚಲನೆಯಲ್ಲಿ ಸಿಕ್ಕಿಬೀಳುತ್ತದೆ, ಯಾವ ಸ್ಪರ್ಶದಿಂದ ನಿರಾಳವಾಗುತ್ತದೆ ಎಂಬುದನ್ನು ತಾಯಿಯಿಂದಲೇ ಕೇಳಿ ಬರೆದುಕೊಂಡು, ಆ ಒಂದು ಪುಟವನ್ನು ಜೂನ್ ಮೊದಲ ವಾರದಲ್ಲೇ ತರಗತಿ ಶಿಕ್ಷಕರ ಕೈಗಿಡುವ ಕೆಲಸವನ್ನು ಅವರಿಗೆ ವಹಿಸಬಹುದು. ಇದಕ್ಕೆ ಹೊಸ ಹುದ್ದೆಯೂ ಬೇಕಿಲ್ಲ, ಹೊಸ ಕಟ್ಟಡವೂ ಬೇಕಿಲ್ಲ.