ನಮ್ಮ ಪಾಲಿಗೆ 1913ಕ್ಕೇ ನಿಂತ ಪರಮಾಣು

ಕಳೆದ ತಿಂಗಳು ನನ್ನ ತಂಗಿ ಟೆಸ್ಟ್‌ಗೆ ಓದುತ್ತಿದ್ದಳು. ಅವಳು ಪ್ರಥಮ ಪಿಯುಸಿ ವಿಜ್ಞಾನ, ನಾನು ದ್ವಿತೀಯ ಪಿಯುಸಿ ವಾಣಿಜ್ಯ. ಪರಮಾಣುವಿನ ಪಾಠ ಅಂದಳು. ನನಗೂ ಗೊತ್ತು ಎಂದು ಅವಳ ರಫ್ ನೋಟ್‌ಬುಕ್ಕಿನಲ್ಲಿ ನಡುವೆ ಒಂದು ಚುಕ್ಕಿ, ಸುತ್ತ ಮೂರು ವೃತ್ತ, ವೃತ್ತಗಳ ಮೇಲೆ ಎಲೆಕ್ಟ್ರಾನ್‌ಗಳನ್ನು ಬರೆದು ತೋರಿಸಿದೆ. "ಆಪಾ, ಯೇ ತೋ ಪುರಾನಾ ಹೈ," ಇದು ಹಳೆಯದು, ಎಂದು ನಕ್ಕಳು. ಅಮ್ಮಿಯೂ ನಕ್ಕರು. ನನಗೆ ಮೊದಲು ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು. ಒಂಬತ್ತನೇ ತರಗತಿಯಲ್ಲಿ ಇದೇ ಚಿತ್ರಕ್ಕೆ ನನಗೆ ಪೂರ್ತಿ ಅಂಕ ಸಿಕ್ಕಿತ್ತು.

ಆ ರಾತ್ರಿ ಅವಳ ರಸಾಯನಶಾಸ್ತ್ರದ ಪುಸ್ತಕ ಓದಿದೆ. ಪರಮಾಣುವಿನ ಧನ ಆವೇಶವೆಲ್ಲ ನಡುವಿನ ನ್ಯೂಕ್ಲಿಯಸ್‌ನಲ್ಲಿದೆ ಎಂದು 1911ರಲ್ಲಿ ರುದರ್‌ಫೋರ್ಡ್ ಹೇಳಿದರು. ಆದರೆ ಎಲೆಕ್ಟ್ರಾನ್ ಗ್ರಹದಂತೆ ಸುತ್ತುತ್ತಿದ್ದರೆ ಶಕ್ತಿ ಕಳೆದುಕೊಂಡು ಕಣ್ಣು ಮಿಟುಕಿಸುವಷ್ಟರಲ್ಲಿ ಒಳಗೆ ಬೀಳಬೇಕಿತ್ತು. ಕೆಲವು ಕಕ್ಷೆಗಳಲ್ಲಿ ಹಾಗಾಗುವುದಿಲ್ಲ ಎಂದು 1913ರಲ್ಲಿ ನೀಲ್ಸ್ ಬೋರ್ ನಿಯಮ ಹಾಕಿದರು. ನಾನು ಬರೆದದ್ದು ಆ ಚಿತ್ರ. 1926ರಲ್ಲಿ ಶ್ರೋಡಿಂಗರ್ ಅವರ ಸಮೀಕರಣ ಬಂತು, ಅದೇ ವರ್ಷ ಮ್ಯಾಕ್ಸ್ ಬಾರ್ನ್ ಅದಕ್ಕೆ ಅರ್ಥ ಕೊಟ್ಟರು. ಎಲೆಕ್ಟ್ರಾನ್ ಇಲ್ಲೇ ಇದೆ ಎಂದು ಬೆರಳಿಟ್ಟು ಹೇಳಲಾಗದು. ಎಲ್ಲಿ ಸಿಗುವ ಸಾಧ್ಯತೆ ಎಷ್ಟು ಎಂದು ಲೆಕ್ಕ ಹಾಕಬಹುದು, ಅಷ್ಟೇ. ಹೈಡ್ರೋಜನ್‌ಗೆ ಬೋರ್ ಕೊಟ್ಟ ದೂರ 0.053 ನ್ಯಾನೋಮೀಟರ್. ಇಂದಿಗೂ ಎಲೆಕ್ಟ್ರಾನ್ ಸಿಗುವ ಸಾಧ್ಯತೆ ಅತಿ ಹೆಚ್ಚಿರುವ ದೂರ ಅದೇ. ಆದರೆ ಅದಕ್ಕಿಂತ ಒಳಗೂ ಸಿಗಬಹುದು, ಹೊರಗೂ ಸಿಗಬಹುದು.

ಇನ್ನೊಂದು ತಪ್ಪು ತಿಳಿವಳಿಕೆಯೂ ಹೋಯಿತು. ಎಲೆಕ್ಟ್ರಾನ್‌ಗೆ ಋಣ ಆವೇಶ ಎನ್ನುತ್ತೇವೆ. ಮನೆಯಲ್ಲಿ ಉರ್ದುವಿನಲ್ಲಿ 'ಮನ್ಫಿ'. ಋಣ ಎಂದರೆ ಸಾಲ, ಧನ ಎಂದರೆ ಹಣ. ಹಾಗಾಗಿ ಎಲೆಕ್ಟ್ರಾನ್‌ನಲ್ಲಿ ಏನೋ ಕೊರತೆ ಇದೆ ಎಂದೇ ಅಂದುಕೊಂಡಿದ್ದೆ. ಪ್ಲಸ್, ಮೈನಸ್ ಎಂಬ ಹೆಸರಿಟ್ಟವರು ಹದಿನೆಂಟನೇ ಶತಮಾನದ ಬೆಂಜಮಿನ್ ಫ್ರಾಂಕ್ಲಿನ್. ಜೆ.ಜೆ. ಥಾಮ್ಸನ್ 1897ರಲ್ಲಿ ಎಲೆಕ್ಟ್ರಾನ್ ಕಂಡುಹಿಡಿದಾಗ ಅದು ಮೈನಸ್ ಕಡೆಗೆ ಬಂತು. ಫ್ರಾಂಕ್ಲಿನ್ ತಿರುಗಿಸಿ ಹೆಸರಿಟ್ಟಿದ್ದರೆ ಎಲೆಕ್ಟ್ರಾನ್ ಪ್ಲಸ್ ಆಗಿರುತ್ತಿತ್ತು. ಡೆಬಿಟ್ ಎಂದರೆ ನಷ್ಟವಲ್ಲ, ಖಾತೆಯ ಎಡಭಾಗ ಎಂದು ಅಕೌಂಟೆನ್ಸಿಯ ಮೊದಲ ವಾರದಲ್ಲೇ ಕಲಿಯುವ ನಮಗೆ ಇದು ಬೇಗ ಅರ್ಥವಾಗುತ್ತದೆ.

ಪ್ರೋಟಾನ್ ಎಲೆಕ್ಟ್ರಾನ್‌ಗಿಂತ ಸುಮಾರು 1836 ಪಟ್ಟು ಭಾರ. ಆದರೂ ಎರಡರ ಆವೇಶದ ಪ್ರಮಾಣ ಒಂದೇ. ಪರಮಾಣುವಿನ ಲೆಕ್ಕ ಸೊನ್ನೆಗೆ ತಾಳೆಯಾಗುತ್ತದೆ. ತೋಳಳತೆಯ ದೂರದಲ್ಲಿ ನಿಂತ ಇಬ್ಬರ ಮೈಯಲ್ಲಿ ಪ್ರೋಟಾನ್‌ಗಿಂತ ಎಲೆಕ್ಟ್ರಾನ್ ಶೇ. 1ರಷ್ಟು ಹೆಚ್ಚಿದ್ದರೆ, ಅವರ ನಡುವಿನ ತಳ್ಳುವ ಬಲ ಭೂಮಿಯಷ್ಟು ತೂಕವನ್ನು ಎತ್ತಬಲ್ಲದು ಎಂದು ರಿಚರ್ಡ್ ಫೈನ್‌ಮನ್ ಲೆಕ್ಕ ತೋರಿಸಿದ್ದಾರೆ. ನಮ್ಮ ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ಎರಡು ಅಂಕ ಹೋಗುತ್ತದೆ, ಇಲ್ಲಿ ಲೋಕವೇ ಹೋಗುತ್ತದೆ!

ನನ್ನ ದೂರು ಇಷ್ಟೇ. ವಿಜ್ಞಾನದವರು ಈ ಕಥೆಯನ್ನು ಪ್ರಥಮ ಪಿಯುಸಿಯಲ್ಲಿ ಮುಂದುವರಿಸುತ್ತಾರೆ. ವಾಣಿಜ್ಯ, ಕಲಾ ವಿಭಾಗದ ನಾವು 1913ರಲ್ಲೇ ಇಳಿದುಬಿಡುತ್ತೇವೆ, ಇಳಿದದ್ದು ಅರ್ಧದಾರಿಯಲ್ಲಿ ಎಂಬುದೂ ಗೊತ್ತಾಗುವುದಿಲ್ಲ. ನಾಳೆ ನಮ್ಮ ಮಕ್ಕಳಿಗೂ ಅದೇ ವೃತ್ತಗಳನ್ನು ಬರೆದು ಕೊಡುತ್ತೇವೆ.

"ವಿಜ್ಞಾನ ಬೇಕಿದ್ದರೆ ವಿಜ್ಞಾನವೇ ತೆಗೆದುಕೊಳ್ಳಬೇಕಿತ್ತು" ಎಂದು ಗೆಳತಿಯೊಬ್ಬಳು ಹೇಳಿದಳು. ಅಬ್ಬಾ ಅವರ ಅಂಗಡಿಯ ಲೆಕ್ಕ ಬರೆಯುವುದು ನನಗೆ ಇಷ್ಟ, ಅದಕ್ಕೇ ವಾಣಿಜ್ಯ ಆರಿಸಿಕೊಂಡೆ. ಹಾಗೆಂದು ನಾನು ಯಾವುದರಿಂದ ಆಗಿದ್ದೇನೆ ಎಂದು ತಿಳಿಯುವ ಹಕ್ಕು ಬಿಟ್ಟುಕೊಟ್ಟಿಲ್ಲ. ವೃತ್ತದ ಚಿತ್ರವನ್ನು ತೆಗೆದುಹಾಕಿ ಎಂದೂ ನಾನು ಹೇಳುವುದಿಲ್ಲ. ಮೊದಲ ಮೆಟ್ಟಿಲಾಗಿ ಅದು ಬೇಕು. ಆದರೆ ಮೇಲೆ ಇನ್ನೂ ಮೆಟ್ಟಿಲಿದೆ ಎಂದು ಯಾರಾದರೂ ಹೇಳಬೇಕು.

ಪ್ರಾಂಶುಪಾಲರಲ್ಲಿ, ವಿಜ್ಞಾನದ ಉಪನ್ಯಾಸಕರಲ್ಲಿ ನನ್ನ ವಿನಂತಿ: ತಿಂಗಳಿಗೊಂದು ಶನಿವಾರ, ಕೊನೆಯ ಅವಧಿಯಲ್ಲಿ ಎಲ್ಲ ವಿಭಾಗದವರಿಗೂ ಒಂದು ವಿಜ್ಞಾನದ ತರಗತಿ ನಡೆಸಿ. ಪರೀಕ್ಷೆ ಬೇಡ, ಅಂಕ ಬೇಡ. ಬದಲಿಗೆ ಬ್ಯಾಂಕ್ ಬಡ್ಡಿ, ಜಿಎಸ್‌ಟಿ ಬಿಲ್ಲು ಓದುವುದನ್ನು ವಿಜ್ಞಾನದವರಿಗೆ ನಾವು ಹೇಳಿಕೊಡುತ್ತೇವೆ. ಲೆಕ್ಕ ತಾಳೆಯಾಗುತ್ತದೆ.

– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ವಾಣಿಜ್ಯ ವಿಭಾಗ