ಹುಬ್ಬಳ್ಳಿ ಎಷ್ಟು ದೂರ?



ಬೆಂಗಳೂರಿನಲ್ಲಿ ನೆಲೆಸಿರುವ ಉತ್ತರ ಕರ್ನಾಟಕದ ಕುಟುಂಬಗಳಲ್ಲಿ ಇತ್ತೀಚೆಗೆ ಒಂದು ಮಾತು ರೂಢಿಗೆ ಬಂದಿದೆ: "ಹುಬ್ಬಳ್ಳಿ ಈಗೇನು ದೂರ? ವಿಮಾನ ಹತ್ತಿದರೆ ಒಂದು ತಾಸು." ಊರಿನಲ್ಲಿ ಇಬ್ಬರೇ ಉಳಿದಿರುವ ವೃದ್ಧ ತಂದೆತಾಯಿಗಳನ್ನು ನೆನೆದು ಮನಸ್ಸು ಕಳವಳಗೊಂಡಾಗ ಈ ಮಾತು ಸಮಾಧಾನವನ್ನೂ ನೀಡುತ್ತದೆ. ಆದರೆ ಈ ಲೆಕ್ಕವನ್ನು ಒಮ್ಮೆ ಪರಿಶೀಲಿಸುವುದು ಒಳಿತು.

ತುಮಕೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿ ಮಾರ್ಗವಾಗಿ ರಸ್ತೆಯ ದೂರ ಸುಮಾರು 410 ಕಿಲೋಮೀಟರ್. ಆಕಾಶಮಾರ್ಗದಲ್ಲಿ ಸುಮಾರು 370. ದೂರದಲ್ಲಿ ಅಂತಹ ವ್ಯತ್ಯಾಸವಿಲ್ಲ, ವ್ಯತ್ಯಾಸವಿರುವುದು ವೇಗದಲ್ಲಿ. ವಿಮಾನವು ಒಂದು ತಾಸಿಗೆ ತುಸು ಹೆಚ್ಚು ಹೊತ್ತಿನಲ್ಲಿ ತಲುಪಿಸುವುದು ನಿಜ. ಆದರೆ ಬೆಂಗಳೂರಿನ ವಿಮಾನ ನಿಲ್ದಾಣವು 2008ರಿಂದ ದೇವನಹಳ್ಳಿಯ ಬಳಿಯಲ್ಲಿದೆ. ಜಯನಗರದ ಮನೆಯಿಂದ ಅಲ್ಲಿಗೆ ತಲುಪಲು ಒಂದೂವರೆ ಎರಡು ತಾಸು, ಅಲ್ಲಿ ತಪಾಸಣೆಗೆಂದು ಒಂದೂವರೆ ತಾಸು, ಇಳಿದ ಮೇಲೆ ಸಾಮಾನು ಪಡೆದು ಮನೆ ಸೇರಲು ಮತ್ತೊಂದು ತಾಸು. ಬಾಗಿಲಿನಿಂದ ಬಾಗಿಲಿಗೆ ಲೆಕ್ಕ ಹಾಕಿದರೆ ಐದು ತಾಸು ದಾಟುತ್ತದೆ. 2023ರಲ್ಲಿ ಆರಂಭವಾದ ವಂದೇ ಭಾರತ್ ರೈಲು ನಿಲ್ದಾಣದಿಂದ ನಿಲ್ದಾಣಕ್ಕೆ ಸುಮಾರು ಆರು ತಾಸು, ಕಾರು ಏಳು ತಾಸು, ಬಸ್ಸು ಏಳೆಂಟು ತಾಸು ತೆಗೆದುಕೊಳ್ಳುತ್ತವೆ. ಇದಲ್ಲದೆ ವಿಮಾನಕ್ಕೂ ರೈಲಿಗೂ ನಿಗದಿತ ವೇಳೆಯುಂಟು, ಕಾಯಿಲೆಗೆ ವೇಳೆಯಿಲ್ಲ.

ಕೆಲವು ವರ್ಷಗಳ ಹಿಂದೆ ರಾತ್ರಿ ಒಂಬತ್ತಕ್ಕೆ ಹುಬ್ಬಳ್ಳಿಯ ನೆರೆಮನೆಯ ಕಾಕಾ ಅವರಿಂದ ಕರೆ ಬಂದಿತು: "ನಿಮ್ಮ ಅವ್ವಗ ಉಸಿರಾಡಾಕ ತ್ರಾಸ ಆಗೇತಿ. ದವಾಖಾನಿಗೆ ಕರಕೊಂಡು ಹೊಂಟೇವಿ. ಗಾಬರಿ ಆಗಬ್ಯಾಡ್ರಿ." ಆ ಹೊತ್ತಿಗೆ ನಮಗೆ ವಿಮಾನವಿರಲಿಲ್ಲ. ಗಾಬರಿಯಲ್ಲಿ ನಾವೇ ಕಾರು ನಡೆಸಿಕೊಂಡು ಹೊರಟೆವು. ಚಿತ್ರದುರ್ಗ ದಾಟಿದ ಮೇಲೆ ಕಣ್ಣು ಮುಚ್ಚಿದ್ದೇ ತಿಳಿಯಲಿಲ್ಲ. ಹಿಂದಿದ್ದ ಲಾರಿಯ ಹಾರ್ನ್ ಕೇಳಿ ಎಚ್ಚೆತ್ತಾಗ ಗಾಡಿ ರಸ್ತೆಯ ಅಂಚಿಗೆ ಸರಿದಿತ್ತು. ಒಂದು ಧಾಬಾದ ಎದುರು ನಿಲ್ಲಿಸಿ ಮುಖ ತೊಳೆದು, ಅರ್ಧ ತಾಸು ಮಲಗಿ ಮುಂದೆ ಸಾಗಿದೆವು. ಬೆಳಿಗ್ಗೆ ಆರಕ್ಕೆ ಆಸ್ಪತ್ರೆ ಸೇರಿದಾಗ ಅವ್ವ ಚೇತರಿಸಿಕೊಂಡಿದ್ದರು. ನಮ್ಮ ಮುಖ ನೋಡಿ ಅವರು ಹೇಳಿದ್ದು ಇಷ್ಟೇ: "ತಡಾ ಆದ್ರೂ ಚಿಂತಿಲ್ಲಪಾ, ನೆಟ್ಟಗ ಬಾ."

ಅವ್ವನನ್ನು ಉಳಿಸಿದ್ದು ನಮ್ಮ ವೇಗವಲ್ಲ, ನೆರೆಮನೆಯವರ ಸಮಯಪ್ರಜ್ಞೆ. ಮೊದಲ ಒಂದು ತಾಸಿನಲ್ಲಿ ನೆರವಾಗಬಲ್ಲವರು ಆ ಓಣಿಯವರೇ ಹೊರತು ಬೆಂಗಳೂರಿನಲ್ಲಿರುವ ಮಕ್ಕಳಲ್ಲ. ಆದುದರಿಂದ ಊರಿಗೆ ಹೋದಾಗಲೆಲ್ಲ ನೆರೆಹೊರೆಯವರ ಮನೆಗೂ ಹೋಗಿ ಕುಶಲ ವಿಚಾರಿಸಬೇಕು. ಅವರ ಹಾಗೂ ವೈದ್ಯರ ದೂರವಾಣಿ ಸಂಖ್ಯೆಗಳನ್ನು, 108 ಆಂಬ್ಯುಲೆನ್ಸ್ ಸಂಖ್ಯೆಯನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಹಿರಿಯರ ಕಣ್ಣಿಗೆ ಬೀಳುವಂತೆ ಗೋಡೆಗೆ ಅಂಟಿಸಬೇಕು. ಔಷಧಿಗಳ ಚೀಟಿ ಒಂದೇ ಕಡೆ ಇರಬೇಕು. ರಾತ್ರಿ ಹೊರಡಲೇಬೇಕಾದರೆ ಬಸ್ಸು ಹತ್ತಬೇಕು, ಇಲ್ಲವೇ ನಿದ್ದೆಗೆಡದ ಚಾಲಕನೊಬ್ಬನನ್ನು ಜೊತೆಗಿಟ್ಟುಕೊಳ್ಳಬೇಕು.

ಮುಖ್ಯವಾಗಿ, ಕರೆ ಬರುವವರೆಗೆ ಕಾಯಬಾರದು. 'ಒಂದೇ ತಾಸು' ಎನ್ನುತ್ತ ವರ್ಷಕ್ಕೊಮ್ಮೆ ಹೋಗುವ ಮಕ್ಕಳಿಗಿಂತ ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬಂದಿಳಿಯುವ ಮಕ್ಕಳೇ ತಾಯಿಗೆ ಹತ್ತಿರದವರು. ಮುಂದಿನ ರಜೆಯವರೆಗೂ ಏಕೆ? ಈ ಶನಿವಾರವೇ ಹೊರಡಬಹುದಲ್ಲವೇ?