ಕೊಪ್ಪಳದ ಕ್ಲಿಕ್ಕಿಗೇಕೆ ಕಮ್ಮಿ ಬೆಲೆ?

‘ವೆಬ್‌ಸೈಟ್ ಮಾಡಿ, ಮನೆಯಲ್ಲೇ ಕೂತು ದುಡಿಯಿರಿ’ ಎಂದು ಯೂಟ್ಯೂಬಿನಲ್ಲಿ ಹೇಳಿಕೊಡುವ ಅಣ್ಣಂದಿರು ತಪ್ಪದೇ ಕೊಡುವ ಸಲಹೆಯೊಂದಿದೆ: ಇಂಗ್ಲಿಷಿನಲ್ಲಿ ಬರೆಯಿರಿ, ಅಮೆರಿಕದ ಓದುಗರನ್ನು ಹಿಡಿಯಿರಿ. ನಮ್ಮ ಜಿಲ್ಲೆಗಳ ಓದುಗರು ಎಷ್ಟು ಬಂದರೂ ಚಿಲ್ಲರೆ ಕಾಸು ಎಂಬುದು ಅವರ ಲೆಕ್ಕ. ಲೆಕ್ಕ ಸುಳ್ಳಲ್ಲ. ಆದರೆ ಆ ಸಲಹೆಯನ್ನು ಕನ್ನಡದ ಹುಡುಗ ಹುಡುಗಿಯರು ಹಾಗೇ ನುಂಗಿಬಿಡುವುದಕ್ಕೆ ನನ್ನ ತಕರಾರಿದೆ.

ನಾನು ಮತ್ತು ನನ್ನ ಗೆಳತಿ ಎರಡು ವರ್ಷದಿಂದ ಕನ್ನಡದಲ್ಲಿ ಒಂದು ಚಿಕ್ಕ ವೆಬ್‌ಸೈಟ್ ನಡೆಸುತ್ತಿದ್ದೇವೆ. ನೇಮಕಾತಿ ಅಧಿಸೂಚನೆಗಳನ್ನು ಓದಿ, ಯಾರು ಅರ್ಜಿ ಹಾಕಬಹುದು, ವಯೋಮಿತಿ ಎಷ್ಟು, 371(ಜೆ) ಅಡಿ ಎಷ್ಟು ಹುದ್ದೆ ಎಂಬುದನ್ನು ಸರಳವಾಗಿ ಬರೆದು ಹಾಕುವುದು ನಮ್ಮ ಕೆಲಸ. ಪುಟದ ನಡುವೆ ಬರುವ ಜಾಹೀರಾತುಗಳಿಂದ ಡೊಮೈನ್, ಹೋಸ್ಟಿಂಗ್ ಖರ್ಚು ಹುಟ್ಟಿ, ಮೇಲೆ ಮೊಬೈಲ್ ರೀಚಾರ್ಜಿಗೆ ಆದರೆ ಅದೇ ಪುಣ್ಯ.

ಈ ದರ ಹುಟ್ಟುವುದು ಹರಾಜಿನಲ್ಲಿ. ನೀವು ಒಂದು ಪುಟ ತೆರೆದ ಕೂಡಲೇ, ಕಣ್ಣು ಮಿಟುಕಿಸುವಷ್ಟರಲ್ಲಿ ಆ ಹರಾಜು ಮುಗಿದಿರುತ್ತದೆ. ಯಾವ ಪುಟ, ಯಾವ ಫೋನು, ಫೋನು ಯಾವ ಊರಿನಲ್ಲಿದೆ ಎಂಬ ಮಾಹಿತಿ ಜಾಹೀರಾತುದಾರರ ಪರವಾಗಿ ಕೂಗುವ ಸಾಫ್ಟ್‌ವೇರುಗಳಿಗೆ ಹೋಗುತ್ತದೆ. ಹೆಚ್ಚು ಕೂಗಿದವರ ಜಾಹೀರಾತು ನಿಮ್ಮ ಪರದೆಗೆ ಬರುತ್ತದೆ. ಎಪಿಎಂಸಿಗೆ ವ್ಯಾಪಾರಿಗಳು ಕಡಿಮೆ ಬಂದ ದಿನ ಭತ್ತದ ದರ ಬೀಳುವುದನ್ನು ಗಂಗಾವತಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಇಲ್ಲೂ ಅಷ್ಟೇ. ಕೊಪ್ಪಳದ ಓದುಗನಿಗೆ ಕೂಗುವವರು ಕಡಿಮೆ. ಅದೇ ಪುಟವನ್ನು ನ್ಯೂಜೆರ್ಸಿಯಲ್ಲಿ ಕೂತ ಕನ್ನಡಿಗರು ತೆರೆದರೆ ಅಲ್ಲಿನ ವಿಮೆ, ಬ್ಯಾಂಕು, ವಕೀಲರ ಕಂಪನಿಗಳು ಮೇಲೆ ಬಿದ್ದು ಕೂಗುತ್ತವೆ. ಬರಹ ಅದೇ, ಕನ್ನಡವೂ ಅದೇ, ಬೆಲೆ ಮಾತ್ರ ಕೂತ ಜಾಗಕ್ಕೆ. ಗೂಗಲ್ ಆ್ಯಡ್‌ಸೆನ್ಸಿನಂಥ ಕಡೆ 100 ಡಾಲರ್ ಜಮೆಯಾಗುವವರೆಗೆ ಹಣ ಬ್ಯಾಂಕಿಗೆ ಬರುವುದಿಲ್ಲ. ಜಿಲ್ಲೆಯ ಓದುಗರನ್ನೇ ನೆಚ್ಚಿದ ಸೈಟು ಅಲ್ಲಿಗೆ ಮುಟ್ಟಲು ತಿಂಗಳುಗಟ್ಟಲೆ ಕಾಯಬೇಕು.

ತಮಾಷೆಯೆಂದರೆ, ಆ ಜಾಗವೂ ಎಷ್ಟೋ ಸಲ ತಪ್ಪು. ಲೊಕೇಶನ್ ಅನುಮತಿ ಕೊಡದಿದ್ದರೆ ಐಪಿ ವಿಳಾಸ ನೋಡಿ ಊರನ್ನು ಊಹಿಸುತ್ತಾರೆ. ಮೊಬೈಲ್ ಕಂಪನಿಗಳು ಬಹಳಷ್ಟು ಗ್ರಾಹಕರನ್ನು ಕೆಲವೇ ಐಪಿ ವಿಳಾಸಗಳ ಹಿಂದೆ ಕೂರಿಸಿ, ಯಾವುದೋ ದೊಡ್ಡ ನಗರದ ಮೂಲಕ ಇಂಟರ್ನೆಟ್ಟಿಗೆ ಬಿಡುತ್ತವೆ. ಹಾಗಾಗಿ ಕುಷ್ಟಗಿಯ ಹುಡುಗಿ ಲೆಕ್ಕದಲ್ಲಿ ಬೆಂಗಳೂರಿನವಳಾಗಬಹುದು, ಹೈದರಾಬಾದಿನವಳೂ ಆಗಬಹುದು. ನಮ್ಮ ಸೈಟಿನ ಅಂಕಿಅಂಶದಲ್ಲಿ ಮೊದಲ ಸ್ಥಾನ ಬೆಂಗಳೂರಿಗೆ. ವಾಟ್ಸ್‌ಆ್ಯಪಿನಲ್ಲಿ ಪ್ರಶ್ನೆ ಕೇಳುವವರು ನೋಡಿದರೆ ಲಿಂಗಸುಗೂರು, ಸುರಪುರ, ಯಲಬುರ್ಗಾದವರು! ಅಮೆರಿಕದಲ್ಲಿ ಇದು ವಿಪರೀತಕ್ಕೇ ಹೋಗಿತ್ತು. ಐಪಿ ವಿಳಾಸಗಳ ಊರು ಹೇಳುವ ಮ್ಯಾಕ್ಸ್‌ಮೈಂಡ್ ಕಂಪನಿ, ದೇಶ ಬಿಟ್ಟು ಬೇರೇನೂ ತಿಳಿಯದ ವಿಳಾಸಗಳಿಗೆಲ್ಲ ದೇಶದ ನಡುವಿನ ಒಂದು ಬಿಂದು ಕೊಟ್ಟಿತ್ತು. ಆ ಬಿಂದು ಕ್ಯಾನ್ಸಸ್ ರಾಜ್ಯದ ಪಾಟ್ವಿನ್ ಬಳಿಯ ಒಂದು ತೋಟದ ಮನೆಯ ಮೇಲೆ ಬಿದ್ದಿತ್ತು. 60 ಕೋಟಿಗೂ ಹೆಚ್ಚು ಐಪಿ ವಿಳಾಸಗಳು ಆ ಮನೆಯವೇ ಎಂದಾಗಿ, ವಂಚಕರನ್ನು ಹುಡುಕಿಕೊಂಡು ಪೊಲೀಸರು ಅಲ್ಲಿಗೆ ಬರುತ್ತಿದ್ದರು. 2016ರಲ್ಲಿ ಪತ್ರಿಕಾ ವರದಿಯಿಂದ ವಿಷಯ ಬಯಲಾದ ಮೇಲೆ ಬಿಂದುವನ್ನು ಒಂದು ಕೆರೆಗೆ ಸರಿಸಿದರು.

ಹಾಗಾದರೆ ನಮ್ಮೂರ ಓದುಗ ನಿಜಕ್ಕೂ ಅಗ್ಗವೇ? ದೂರ ಕೂತು ಕೂಗುವವನಿಗೆ ಅಗ್ಗ, ಅಷ್ಟೇ. ಧಾರವಾಡದ ಸಪ್ತಾಪುರಕ್ಕೆ ಹೋಗಿ ನೋಡಿ. ಕೋಚಿಂಗ್ ಸೆಂಟರು, ಪಿಜಿ, ಮೆಸ್ಸು, ತಿಂಗಳ ಲೆಕ್ಕದಲ್ಲಿ ಓದಲು ಕುರ್ಚಿ ಕೊಡುವ ಲೈಬ್ರರಿ. ಇವರ ಗಿರಾಕಿಗಳು ಯಾರು? ಪಿಡಿಒ, ಪಿಎಸ್‌ಐ, ಕೆಎಎಸ್ ಕನಸು ಕಟ್ಟಿಕೊಂಡು ಕೊಪ್ಪಳ, ರಾಯಚೂರು, ಗದಗ, ಬಾಗಲಕೋಟೆಯಿಂದ ಬಸ್ ಹತ್ತುವ ನಮ್ಮಂಥವರೇ. ನ್ಯೂಜೆರ್ಸಿಯ ಓದುಗರಿಂದ ಆ ಮೆಸ್ಸಿಗೆ ಒಂದು ತಟ್ಟೆ ಊಟವೂ ಮಾರಾಟವಾಗದು. ಇಷ್ಟಾದರೂ ಆ ಯಜಮಾನರು ಇವತ್ತಿಗೂ ನೆಚ್ಚಿಕೊಂಡಿರುವುದು ಕಂಬಕ್ಕೆ ಅಂಟಿಸುವ ಪಾಂಪ್ಲೆಟ್ಟನ್ನು.

ನಾವಿಬ್ಬರು ಒಂದು ದಿನ ಅಲ್ಲಿ ಬಾಗಿಲು ಬಾಗಿಲು ತಿರುಗಿದೆವು. ಒಬ್ಬ ಪಿಜಿ ಯಜಮಾನರು, ‘ದಿಲ್ಲಿ ಮಂದಿ ನೋಡಿದ್ರ ನನಗೇನ್ ಬಂತು ತಂಗಿ? ನನ್ನ ರೂಮಿಗೆ ಬರೋರು ನಿಮ್ಮ ಕಡೆ ಹುಡುಗ್ರು’ ಅಂದರು. ನ್ಯಾಯವಾದ ಮಾತು. ಐಪಿಯನ್ನು ನಂಬಿ ‘ನಿಮ್ಮ ಕಡೆಯವರಿಗೇ ತೋರಿಸುತ್ತೇವೆ’ ಎಂದು ಮಾತು ಕೊಡುವಂತಿರಲಿಲ್ಲ. ಅದಕ್ಕೆ ಓದುಗರನ್ನೇ ಕೇಳಿದೆವು. ಪುಟದ ಮೇಲೆ ‘ನಿಮ್ಮ ಜಿಲ್ಲೆ ಆರಿಸಿ’ ಎಂಬ ಪಟ್ಟಿ ಇಟ್ಟೆವು. 371(ಜೆ) ಮೀಸಲಾತಿ ಇರುವುದು ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ, ಈ ಏಳು ಜಿಲ್ಲೆಗಳ ಸ್ಥಳೀಯರಿಗೆ. ಜಿಲ್ಲೆ ಹೇಳಿದರೆ ತಮಗೆ ಸಂಬಂಧಪಟ್ಟ ಹುದ್ದೆಗಳು ಮೊದಲು ಕಾಣುತ್ತವೆಂದು ಓದುಗರು ತಾವಾಗಿಯೇ ಹೇಳುತ್ತಾರೆ. ಹೆಸರು, ಫೋನ್ ನಂಬರು, ಜಿಪಿಎಸ್ ಯಾವುದೂ ಬೇಡ. ಆರಿಸಿದ ಜಿಲ್ಲೆ ನೋಡಿ ಪಿಜಿಯದ್ದೋ ಮೆಸ್ಸಿನದ್ದೋ ಜಾಹೀರಾತು ಬರುತ್ತದೆ. ಇಂಥ ನೇರ ಜಾಹೀರಾತುಗಳನ್ನು ಹೊಂದಿಸಲು ಗೂಗಲ್ ಆ್ಯಡ್ ಮ್ಯಾನೇಜರಿನ ಉಚಿತ ಆವೃತ್ತಿ ಸಾಕು. ಸ್ವಲ್ಪ ಕೋಡಿಂಗ್ ಬಂದರೆ ಅದೂ ಬೇಡ.

ತಿಂಗಳಿಗೆ ಇಷ್ಟು ಎಂದು ರೇಟು, ದುಡ್ಡು ಫೋನಿಗೇ ಬರುತ್ತದೆ. ಅಲೆದಾಟ ಜಾಸ್ತಿ, ‘ಮುಂದಿನ ವಾರ ನೋಡೋಣ’ ಎನ್ನುವವರು ಅದಕ್ಕಿಂತ ಜಾಸ್ತಿ. ಆದರೂ ಜಾಲದ ಹರಾಜಿಗಿಂತ ಈ ದುಡ್ಡೇ ಮುಂದಿದೆ. ಬಿಬಿಎ, ಬಿಸಿಎ ಓದುತ್ತ ಸೈಟು ಮಾಡಿಕೊಂಡಿರುವ ಗೆಳೆಯರಿಗೆ ಹೇಳುತ್ತೇನೆ, ಇಂಗ್ಲಿಷಿಗೆ ಹಾರುವ ಮುಂಚೆ ನಿಮ್ಮೂರಿನ ಬಜಾರಿನಲ್ಲೊಂದು ಸುತ್ತು ಹಾಕಿ.

ಒಂದು ಕಡೆ ಮಾತ್ರ ಜಾಗದ ಈ ಜರಡಿ ನನಗೆ ಸುತರಾಂ ಒಪ್ಪಿಗೆಯಿಲ್ಲ. ಅದು ಉದ್ಯೋಗದ ಜಾಹೀರಾತು. ನಮ್ಮದೇ ಪುಟವನ್ನು ಒಂದೇ ಹೊತ್ತಿಗೆ ಊರಿನ ವೈಫೈನಲ್ಲಿ ನಾನು, ಬೆಂಗಳೂರಿನಲ್ಲಿ ನನ್ನ ಅಣ್ಣ ತೆರೆದು ನೋಡಿದ್ದೇವೆ. ಅವನಿಗೆ ಫ್ರೆಶರ್ ನೇಮಕಾತಿ, ನನಗೆ ಐದು ನಿಮಿಷದಲ್ಲಿ ಸಾಲ ಕೊಡುವ ಆ್ಯಪ್. (ಹಣ ಕಟ್ಟಿ ಆಡುವ ರಮ್ಮಿಗೆ 2025ರ ಕಾನೂನು ಕಡಿವಾಣ ಹಾಕಿತು, ಆ ಜಾಗಕ್ಕೆ ಸಾಲ ಬಂದು ಕೂತಿದೆ.) ಸಾಲದ ಜಾಹೀರಾತುಗಳನ್ನು ಸೆಟ್ಟಿಂಗಿಗೆ ಹೋಗಿ ತಡೆದೆವು. ಆದಾಯ ಇನ್ನಷ್ಟು ಇಳಿಯಿತು, ಇಳಿಯಲಿ. ಬೇಡದ್ದನ್ನು ತಡೆಯುವ ಗುಂಡಿ ನಮ್ಮ ಹತ್ತಿರ ಇದೆ. ನೌಕರಿಯ ಜಾಹೀರಾತನ್ನು ಇಲ್ಲಿಗೆ ಕರೆತರುವ ಗುಂಡಿ ಇರುವುದು ಕಂಪನಿಯವರ ಕೈಯಲ್ಲಿ.

ಅಮೆರಿಕದಲ್ಲಿ ಇದೇ ವಿಷಯ ಕೋರ್ಟು ಹತ್ತಿತ್ತು. ನಾಗರಿಕ ಹಕ್ಕು ಸಂಘಟನೆಗಳು ಹೂಡಿದ ಮೊಕದ್ದಮೆಗಳ ರಾಜಿಯಲ್ಲಿ, 2019ರ ಮಾರ್ಚ್‌ನಲ್ಲಿ ಫೇಸ್‌ಬುಕ್ ಒಂದು ಮಾತಿಗೆ ಒಪ್ಪಿತು: ಮನೆ, ಉದ್ಯೋಗ, ಸಾಲದ ಜಾಹೀರಾತುಗಳಿಗೆ ವಯಸ್ಸು, ಲಿಂಗ, ಅಲ್ಲಿನ ಪಿನ್‌ಕೋಡ್ ಆದ ಜಿಪ್ ಕೋಡ್ ನೋಡಿ ಜನರನ್ನು ಆರಿಸುವಂತಿಲ್ಲ. ಕಪ್ಪುವರ್ಣೀಯರ ಬಡಾವಣೆಗಳನ್ನು ಸದ್ದಿಲ್ಲದೆ ಹೊರಗಿಡಲು ಜಿಪ್ ಕೋಡ್ ಒಂದೇ ಸಾಕು ಎಂಬುದು ಆತಂಕವಾಗಿತ್ತು. ಇಲ್ಲಿ ಬಹುಶಃ ಯಾರಿಗೂ ಅಂಥ ದುರುದ್ದೇಶವಿಲ್ಲ. ‘ಕೆಲಸ ಬೆಂಗಳೂರಿನಲ್ಲಿ, ಜಾಹೀರಾತೂ ಬೆಂಗಳೂರಿಗೆ ಸಾಕು’ ಎಂಬ ಸೋಮಾರಿತನ ಅಷ್ಟೇ. ಪರಿಣಾಮ ಮಾತ್ರ ಅದೇ. ಕೌಂಟರಿಗೆ ಒಬ್ಬ ಹುಡುಗ ಬೇಕೆಂದು ಅಂಗಡಿಯವರು ಅಕ್ಕಪಕ್ಕದ ಬೀದಿಗೆ ಜಾಹೀರಾತು ಕೊಟ್ಟರೆ ನನ್ನ ಆಕ್ಷೇಪವಿಲ್ಲ. ನೂರಾರು ಪದವೀಧರರನ್ನು ತೆಗೆದುಕೊಳ್ಳುವ ಕಂಪನಿಗೆ ಆ ಸಬೂಬು ಸಲ್ಲದು. ಕೊಪ್ಪಳದಲ್ಲಿ ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ಇಂಟರ್‌ವ್ಯೂಗೆ ಹಾಜರಾಗುತ್ತೇವೆ.

ಉದ್ಯೋಗದ ಜಾಹೀರಾತಿಗೆ ನಮ್ಮಲ್ಲೂ ಅಂಥ ನಿಯಮ ಬೇಕು. ಅದು ಬರುವವರೆಗೆ, ಎಚ್‌ಆರ್ ವಿಭಾಗದಲ್ಲಿ ಕೂತು ಈ ಪುಟ ಓದುವ ಅಕ್ಕ, ಅಣ್ಣಂದಿರಿಗೆ ಒಂದು ಕೋರಿಕೆ. ಮುಂದಿನ ಸಲ ಫ್ರೆಶರ್ ಜಾಹೀರಾತು ಹಾಕುವಾಗ ಲೊಕೇಶನ್ ಖಾನೆಯಲ್ಲಿರುವ ಬೆಂಗಳೂರನ್ನು ಅಳಿಸಿ ಕರ್ನಾಟಕ ಎಂದು ಬರೆಯಿರಿ. ಬಜೆಟ್ಟಿಗೆ ಹೇಗೂ ಮಿತಿ ಹಾಕಿರುತ್ತೀರಿ. ನಮ್ಮ ಕಡೆಯ ಕ್ಲಿಕ್ಕು ಹೇಗೂ ಅಗ್ಗ.